ಆಯೋಗಕ್ಕೆ ಹಾಸಿದ ಕಂಬಳಿ

ಮಮದಾಪುರದ ಬೀರಸಿದ್ದಪ್ಪ ಸುಳ್ಳುಗಾರನಲ್ಲ, ಮೋಸಗಾರನಲ್ಲ, ದಡ್ಡನೂ ಅಲ್ಲ. ಅವನಿಗಿದ್ದದ್ದು ಒಂದೇ ದೋಷ: ಓದಿದವರು ಆಡಿದ ಮಾತನ್ನು ಆಡಿದ ಹಾಗೆಯೇ ನಂಬಿಬಿಡುತ್ತಿದ್ದ. ಒಮ್ಮೆ ದನದ ಡಾಕ್ಟರು ಅವನ ಟಗರಿನ ಬೆನ್ನು ತಟ್ಟಿ, "ಇದನ್ನ ಮನಿ ಮಗನಂಗ ನೋಡ್ಕೋರಿ" ಅಂದುಬಿಟ್ಟಿದ್ದರು. ಆ ಮಳೆಗಾಲ ಮುಗಿಯುವ ತನಕ ಟಗರು ಒಳಗೆ ಹಾಸಿಗೆಯ ಮೇಲೆ ಮಲಗಿತು, ಹೆಂಡತಿ ಸಾವಿತ್ರವ್ವ ಪಡಸಾಲೆಯಲ್ಲಿ ಮಲಗಿದಳು. ಇಂಥ ಮನುಷ್ಯನ ಬಾಗಿಲಲ್ಲಿ ನಿಂತು ಮಾತಾಡುವವರು ಮಾತನ್ನು ತೂಗಿ ಆಡಬೇಕು. ಅಂಗನವಾಡಿ ಟೀಚರ್ ಸುವರ್ಣಾಗೆ ಅಂದು ತೂಗುವಷ್ಟು ಪುರುಸೊತ್ತು ಇರಲಿಲ್ಲ.

ಲೋಕಸಭೆ ಚುನಾವಣೆ ಬಂದಿತ್ತು. ಮಕ್ಕಳಿಗೆ ಅನ್ನ ಹಾಕುವ ಕೆಲಸದ ಜೊತೆಗೆ ಊರಿನ ಮತದಾರರ ಮನೆ ಮನೆ ಸುತ್ತುವ ಕೆಲಸವೂ ಸುವರ್ಣಾಳ ಹೆಗಲಿಗೇ ಬಿದ್ದಿತ್ತು. ಏಪ್ರಿಲ್ ಬಿಸಿಲಿನಲ್ಲಿ ಸೆರಗನ್ನು ತಲೆಗೆ ಹೊದ್ದು ಬಂದ ಅವಳು, ಪಡಸಾಲೆಯಲ್ಲಿ ಉಣ್ಣೆ ನೂಲುತ್ತ ಕೂತಿದ್ದ ಮುದುಕಿಯತ್ತ ಕೈ ತೋರಿಸಿದಳು. ಮುದುಕಿ ಅಂದರೆ ಬೀರಸಿದ್ದಪ್ಪನ ತಾಯಿ ಬಾಳವ್ವ, ಎಂಬತ್ತೈದು ದಾಟಿದವಳು.

"ಕಾಕಾ, ಆಯಿ ಈ ಸಲ ಸಾಲಿ ತನಕಾ ನಡ್ಯೂದ ಬ್ಯಾಡ. ಚುನಾವಣಾ ಆಯೋಗನ ನಿಮ್ಮ ಮನಿ ಬಾಗಲಕ್ಕ ಬರತೈತಿ. ಮನ್ಯಾಗ ಕುಂತ ಓಟ ಹಾಕಬಹುದು."

ಬೀರಸಿದ್ದಪ್ಪ ಕೈಯಲ್ಲಿದ್ದ ಹಗ್ಗ ಕೆಳಗಿಟ್ಟ. "ಆಯೋಗನ ಬರತೈತಿ?"

"ಹೂಂ ಕಾಕಾ."

"ಆಯೋಗ ಅಂದ್ರ ಎಷ್ಟ ಮಂದಿ?"

ಸುವರ್ಣಾ ಓದುವ ಕಾಲದಲ್ಲಿ ಈ ಪ್ರಶ್ನೆಗೆ ಪೂರಾ ಅಂಕ ತೆಗೆದುಕೊಂಡಿದ್ದವಳು. ಬಾಯಿಪಾಠ ತಾನಾಗಿಯೇ ಹೊರಗೆ ಬಂತು. "ಮೂರ ಮಂದಿ. ಒಬ್ಬರು ಮುಖ್ಯ ಆಯುಕ್ತರು, ಇಬ್ಬರು ಆಯುಕ್ತರು. ದಿಲ್ಲ್ಯಾಗ ಇರತಾರ. ರಾಷ್ಟ್ರಪತಿ ನೇಮಕಾ ಮಾಡಿರತಾರ." ಇಷ್ಟು ಹೇಳಿ ಮುಂದಿನ ಮನೆಗೆ ನಡೆದಳು.

ಅವಳು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೆ ಎರಡು ಸರಿಯಾದ ಮಾತುಗಳು ಬೀರಸಿದ್ದಪ್ಪನ ತಲೆಯೊಳಗೆ ಹೊಕ್ಕು, ಸಂಸಾರ ಹೂಡಿ, ಒಂದು ತಪ್ಪು ಮಾತನ್ನು ಹೆತ್ತವು. ಅವನಿಗೆ ಇದರಲ್ಲಿ ಅನುಮಾನ ಪಡುವಂಥದ್ದೇನೂ ಕಾಣಲಿಲ್ಲ. ಅವನ ಕುಲದಲ್ಲಿ ಯಾವ ತಂಟೆ ಬಂದರೂ ಮೂವರು ಹಿರಿಯರು ಮನೆಗೇ ಬರುತ್ತಾರೆ, ಹಾಸಿದ ಕಂಬಳಿಯ ಮೇಲೆ ಕೂರುತ್ತಾರೆ, ಎರಡೂ ಕಡೆ ಕೇಳುತ್ತಾರೆ, ಬಗೆಹರಿಸಿ ಏಳುತ್ತಾರೆ. ಊರಿಗೇ ಮೂವರು ಹಿರಿಯರಿದ್ದ ಮೇಲೆ ದೇಶಕ್ಕೆ ಮೂವರು ಇರಬಾರದೇಕೆ? ಇದ್ದ ಮೇಲೆ ಮನೆಗೆ ಬರಬಾರದೇಕೆ?

"ಯವ್ವಾ, ಕೇಳಿದೇನು? ದಿಲ್ಲಿಯಿಂದ ಮೂರ ಮಂದಿ ಹಿರ್ಯಾರು ನಿನ್ನ ಸಲುವಾಗಿ ಬರಾಕತ್ತಾರ!"

ಬಾಳವ್ವ ಕದಿರು ತಿರುಗಿಸುವುದನ್ನು ನಿಲ್ಲಿಸಲಿಲ್ಲ. "ಬರ್ಲಿ. ನಾ ಎಲ್ಲಿ ಹೋಗಾಕತ್ತೇನಿ?" ಅಂದಳು.

ಸಂಜೆಯ ಹೊತ್ತಿಗೆ ಈ ಸುದ್ದಿ ಊರನ್ನು ಒಂದು ಸುತ್ತು ಹಾಕಿ ಬೀರಸಿದ್ದಪ್ಪನ ಪಕ್ಕದ ಮನೆಯ ಅಲ್ಲಪ್ಪನ ಕಟ್ಟೆಗೆ ಬಂತು. ಅಲ್ಲಪ್ಪ ಯಾವುದನ್ನೂ ನಂಬದ ಮನುಷ್ಯ. ಗೋಡೆ ಗಡಿಯಾರದಲ್ಲಿ ಹೊತ್ತು ನೋಡಿ, ಖಾತ್ರಿಗೆಂದು ಹೊರಗೆ ಬಂದು ಸೂರ್ಯನನ್ನೂ ನೋಡುವವನು. ಆದರೆ ಇದನ್ನು ಮಾತ್ರ ಅವನು ನಂಬಿದ. ಯಾಕೆಂದರೆ ಅವನ ಮನಸ್ಸಿಗೆ ಬೇರೊಂದು ವಿಚಾರ ಹೊಳೆದಿತ್ತು.

"ಅಂದ್ರ ಊರಾಗ ಮೊದಲನೇ ಓಟು ಬಾಳವ್ವಂದು ಬೀಳತೈತಿ, ಹೌದಿಲ್ಲೋ?"

"ಹೌದು."

"ಇನ್ನೂ ಮಂದಿ ಓಟ ಹಾಕೂ ದಿವಸ ದೂರ ಐತಿ. ಇದು ಬೋಣಿ ಇದ್ದಂಗ. ಅದೂ ದಿಲ್ಲಿ ಹಿರ್ಯಾರ ಕೈಯಾಗ ಬೀಳೂ ಬೋಣಿ." ಅಲ್ಲಪ್ಪ ದನಿ ತಗ್ಗಿಸಿದ. "ಬೀರಸಿದ್ದಪ್ಪಾ, ಆ ಬೋಣಿ ನಮ್ಮ ಕಡ್ಯಾಂವಗ ಆಗಬೇಕ ನೋಡು."

ಬೋಣಿ ಎಂದರೆ ಸಣ್ಣ ಮಾತಲ್ಲ. ಹುಕ್ಕೇರಿ ಸಂತೆಯಲ್ಲಿ ಬೆಳಗಿನ ಮೊದಲ ಗಿರಾಕಿ ಕೈ ಸರಿಯಿಲ್ಲದಿದ್ದರೆ ಸಂಜೆಯ ತನಕ ಟಗರು ಮಾರಾಟವಾಗುವುದಿಲ್ಲ ಎಂಬುದನ್ನು ಬೀರಸಿದ್ದಪ್ಪ ಕಣ್ಣಾರೆ ಕಂಡವನು. ಅಲ್ಲದೆ ಆ ಬೇಸಿಗೆಯಲ್ಲಿ ಅವನ ಕುರಿಗಳು ನೀರು ಕುಡಿಯುತ್ತಿದ್ದದ್ದು ಅಲ್ಲಪ್ಪನ ಬೋರಿನ ತೊಟ್ಟಿಯಲ್ಲಿ. "ಆತ ತಗೋ. ನಮ್ಮವ್ವನ ಓಟು ನಾನ ಹಾಕಾಂವ" ಎಂದು ಎದೆ ತಟ್ಟಿ ಮಾತು ಕೊಟ್ಟ.

ಅದು ಪೊಳ್ಳು ಜಂಬವಾಗಿರಲಿಲ್ಲ. ಬಾಳವ್ವನ ಕಣ್ಣಿಗೆ ಪೊರೆ ಬಂದಾಗಿನಿಂದ ಪ್ರತಿ ಚುನಾವಣೆಯಲ್ಲೂ ಬೀರಸಿದ್ದಪ್ಪನೇ ಅವಳ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ, "ನಮ್ಮವ್ವಗ ಕಾಣಂಗಿಲ್ರಿ" ಎಂದು ಹೇಳಿ, ಅವಳ ಗುಂಡಿಯನ್ನು ತಾನೇ ಒತ್ತಿ ಬರುತ್ತಿದ್ದ. ಊರಿನಲ್ಲಿ ಎಲ್ಲರಿಗೂ ಒಂದೊಂದು ಓಟಿದ್ದರೆ ತನಗೆ ಎರಡು ಎಂಬ ಸಣ್ಣ ಬಿಗುಮಾನ ಅವನ ಮೀಸೆಯ ತುದಿಯಲ್ಲಿ ಇತ್ತು.

ಅಂದೇ ಊಟದ ಹೊತ್ತಿಗೆ ಹತ್ತರಗಿಯಿಂದ ಫೋನು ಬಂತು. ಸಾವಿತ್ರವ್ವನ ತಮ್ಮ ಯಲ್ಲಪ್ಪ. ಅವನ ಮನೆ ರಾಷ್ಟ್ರೀಯ ಹೆದ್ದಾರಿಯ ಬಾಜೂಕ್ಕೇ ಇದೆ. ಆ ರಸ್ತೆ ದಿಲ್ಲಿಗೆ ಹೋಗುತ್ತದೆ ಎಂಬುದು ನಿಜ. ಆದ್ದರಿಂದ ದಿಲ್ಲಿಯ ವಿಷಯವೆಲ್ಲ ತನಗೆ ಗೊತ್ತು ಎಂಬುದು ಯಲ್ಲಪ್ಪನ ಸ್ವಂತ ತೀರ್ಮಾನ.

"ಮಾವಾ, ಖರೇನ ಐತದು. ನಮ್ಮ ಮನಿ ಮುಂದಿನ ರಸ್ತೇಲೇನ ಬರತಾರ. ನಾ ಟೋಲ್ ನಾಕಾದ ಹತ್ರ ನಿಂತ ನೋಡಿ ಹೇಳತೇನಿ. ಮತ್ತ ಬೋಣಿ ನಮ್ಮಾಂವಗ, ಏನ? ನಮ್ಮಕ್ಕನ ಆಣಿ ಐತಿ ನಿನಗ."

ಯಲ್ಲಪ್ಪನ 'ನಮ್ಮಾಂವ' ಬೇರೆ, ಅಲ್ಲಪ್ಪನ 'ನಮ್ಮ ಕಡ್ಯಾಂವ' ಬೇರೆ. ಬೀರಸಿದ್ದಪ್ಪ ಬಾಯಿ ತೆರೆದ. ಎದುರಿಗೆ ಸಾವಿತ್ರವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ತವರಿನ ಮಾತಿಗೆ ಗಂಡ ಏನು ಹೇಳುತ್ತಾನೆಂದು ದಿಟ್ಟಿಸಿ ನೋಡುತ್ತಿದ್ದಳು. "ಆತ ತಗೋ ಅಳಿಯಾ" ಅಂದುಬಿಟ್ಟ.

ಒಂದು ಓಟು, ಎರಡು ಮಾತು. ಒಂದು ಕಡೆ ಕುರಿಗೆ ನೀರು, ಇನ್ನೊಂದು ಕಡೆ ಹೆಂಡತಿಗೆ ತವರು. ಇಷ್ಟಾದರೂ ನಿಭಾಯಿಸಬಹುದಿತ್ತು, ಇಬ್ಬರಿಗೂ "ನಿಮಗ ಹಾಕೇನಿ" ಎಂದು ಹೇಳಿ ಮೈ ತಪ್ಪಿಸಿಕೊಳ್ಳಬಹುದಿತ್ತು. ಆದರೆ ಮರುದಿನ ಅಲ್ಲಪ್ಪ, "ಓಟ ಹಾಕಿದ ಮ್ಯಾಲ ಭಂಡಾರ ಹಿಡದ ಹೇಳಬೇಕ" ಅಂದ. ಅದರ ಮರುದಿನ ಯಲ್ಲಪ್ಪನೂ ಫೋನಿನಲ್ಲಿ ಅದನ್ನೇ ಅಂದ. ಬೀರದೇವರ ಭಂಡಾರ, ಅಂದರೆ ಆ ಅರಿಶಿನದ ಪುಡಿಯನ್ನು ಮುಷ್ಟಿಯಲ್ಲಿ ಹಿಡಿದು ಬೀರಸಿದ್ದಪ್ಪನ ಮನೆತನದಲ್ಲಿ ಸುಳ್ಳು ಹೇಳಿದವರು ಯಾರೂ ಇಲ್ಲ. ಹೇಳಿದ ಒಬ್ಬ ಚಿಕ್ಕಜ್ಜನ ಹಿಂಡು ಒಂದೇ ಮಳೆಗಾಲದಲ್ಲಿ ಖಾಲಿಯಾಗಿತ್ತಂತೆ.

ಅವನಿಗೆ ಊಟ ಸೇರಲಿಲ್ಲ. ಕಡೆಗೆ ಒಂದು ದಾರಿ ಹೊಳೆಯಿತು. ಬರುವವರು ಯಾರು? ದೇಶದ ಓಟಿನ ತಂಟೆಗಳನ್ನೆಲ್ಲ ಬಗೆಹರಿಸುವ ಮೂವರು ಹಿರಿಯರು. ಅವರ ಕಾಲಿಗೆ ಬಿದ್ದು, 'ಒಂದ ಓಟಿಗೆ ಎರಡ ಕಡೆ ಮಾತ ಕೊಟ್ಟೇನಿ, ನ್ಯಾಯಾ ನೀವ ಹೇಳ್ರಿ' ಎಂದು ಕೇಳಿದರಾಯಿತು. ಅವರು ಹೇಳಿದ್ದನ್ನು ಅಲ್ಲಪ್ಪನೂ ಮೀರಲಾರ, ಯಲ್ಲಪ್ಪನೂ ಮೀರಲಾರ.

ಹೀಗೆ ನಿಶ್ಚಯವಾದ ಮೇಲೆ ಮನೆಯಲ್ಲಿ ತಯಾರಿ ನಡೆಯಿತು. ಗೋಡೆಗೆ ಸುಣ್ಣ ಬಿತ್ತು. ಟಗರಿನ ಕೊಂಬಿಗೂ ಬಣ್ಣ ಬಿತ್ತು. ಪೆಟ್ಟಿಗೆಯಿಂದ ಮೂರು ಹೊಸ ಕರಿ ಕಂಬಳಿ ಹೊರಗೆ ಬಂದವು, ಗೋಕಾಕದಿಂದ ತಲೆಗೆ ಸುತ್ತುವ ಮೂರು ರುಮಾಲು ಬಂದವು. ಸಾವಿತ್ರವ್ವ ಗೋಧಿ ಬೀಸಿ, ಬೆಲ್ಲ ಬೆರೆಸಿ ಸಿಹಿ ಮಾದಲಿ ಮಾಡಿದಳು. ಜೊತೆಗೆ ಬಾಯಿಯನ್ನೂ ಬೀಸಿದಳು.

"ದಿಲ್ಲಿ ಹಿರ್ಯಾರು ನಮ್ಮ ಮಾದಲಿ ತಿಂತಾರೇನ್ರಿ?"

"ಯಾಕ, ಅವರಿಗೆ ಹೊಟ್ಟಿ ಇಲ್ಲೇನ?"

"ಅವರಿಗೆ ಹೊಟ್ಟಿ ಐತಿ. ನಿಮಗ ತಲಿ ಐತೋ ಇಲ್ಲೋ ಅಂತ ನನಗ ಚಿಂತಿ."

ಆ ದಿನ ಬಂತು. ಯಲ್ಲಪ್ಪ ಟೋಲ್ ನಾಕಾದ ಕಾವಲು ಮುಗಿಸಿ, ಮೂರು ಬಿಳಿ ಕಾರು ಹೋದದ್ದನ್ನು ಕಂಡೆನೆಂದು ಫೋನು ಮಾಡಿ, ಅವುಗಳಿಗಿಂತ ಮೊದಲೇ ಮುಟ್ಟಬೇಕೆಂದು ಬೈಕಿನಲ್ಲಿ ಹಾರಿ ಬಂದಿದ್ದ. ಅಲ್ಲಪ್ಪ ಇಸ್ತ್ರಿ ಅಂಗಿ ಹಾಕಿಕೊಂಡಿದ್ದ. ಇಬ್ಬರೂ ಪಡಸಾಲೆಯ ಎರಡು ಕಂಬಗಳಿಗೆ ಒರಗಿ ನಿಂತು, ಒಬ್ಬರನ್ನೊಬ್ಬರು ನೋಡದೆ, ಇಬ್ಬರೂ ಬೀರಸಿದ್ದಪ್ಪನನ್ನೇ ನೋಡುತ್ತಿದ್ದರು. ಓಣಿಯ ತುಂಬ ಜನ. ಹೆಂಗಸರು ಮಾಳಿಗೆ ಏರಿದ್ದರು. ಬೀರಸಿದ್ದಪ್ಪ ಹೆಗಲ ಮೇಲೆ ಮೂರು ರುಮಾಲು ಹೊತ್ತು ದಾರಿ ಮಧ್ಯೆ ನಿಂತಿದ್ದ.

ಧೂಳೆಬ್ಬಿಸಿಕೊಂಡು ಒಂದು ಟ್ರ್ಯಾಕ್ಸ್ ಬಂತು. ದಿನಾ ಗೋಕಾಕ ಮೂಡಲಗಿ ನಡುವೆ ಮಂದಿಯನ್ನು ತುಂಬಿಕೊಂಡು ಓಡಾಡುವ, ಎಲ್ಲರಿಗೂ ಗೊತ್ತಿರುವ ಅದೇ ಹಳೆಯ ಟ್ರ್ಯಾಕ್ಸ್. ಎದುರು ಮನೆಯ ಬಾಗಿಲಲ್ಲಿ ನಿಂತಿದ್ದ ಸುಂದ್ರವ್ವ ಎಂಬ ಮುದುಕಿ ರೂಢಿಯಂತೆ ಕೈ ಅಡ್ಡ ಹಿಡಿದು, "ಏ, ಮೂಡಲಗಿಗೆ ಒಂದ ಸೀಟು!" ಎಂದು ಕೂಗಿದಳು. ಬೀರಸಿದ್ದಪ್ಪನಿಗೆ ಸಿಟ್ಟು ನೆತ್ತಿಗೇರಿತು.

"ಏ ಡ್ರೈವರಾ, ಇಲ್ಲೆ ನಿಂದ್ರಸಬ್ಯಾಡ! ಹಿಂದಕ್ಕ ತಗೋ, ಹಿಂದಕ್ಕ ತಗೋ! ದಿಲ್ಲಿ ಹಿರ್ಯಾರ ಗಾಡಿ ಬರೂ ಹೊತ್ತಾತು!"

ಡ್ರೈವರನು ಹೆದರಿ ಗಾಡಿಯನ್ನು ನಿಜವಾಗಿಯೂ ಹಿಂದಕ್ಕೆ ತೆಗೆದುಕೊಂಡು ಹೋದ. ಹೀಗೆ ಭಾರತದ ಚುನಾವಣಾ ಆಯೋಗ ಮಮದಾಪುರದ ಹುಣಸೆ ಮರದ ತನಕ ಹಿಂದೆ ಸರಿಯಿತು. ಅಲ್ಲಿ ನಿಂತು, ಗಾಜಿನ ಮೇಲೆ 'ಚುನಾವಣಾ ಕರ್ತವ್ಯ' ಎಂದು ಅಂಟಿಸಿದ್ದ ಕಾಗದವನ್ನು ಯಾರಾದರೂ ಓದಲೆಂದು ಕಾಯಿತು. ಯಾರೂ ಓದಲಿಲ್ಲ. ಕಡೆಗೆ ಒಳಗಿಂದ ಸುವರ್ಣಾ ಇಳಿದು ಓಡಿ ಬಂದಳು.

"ಕಾಕಾ, ಏನ ಮಾಡಾಕತ್ತೀರಿ? ಅವರ ಆಯೋಗದವರು!"

ಬೀರಸಿದ್ದಪ್ಪ ಅವಸರದಿಂದ ದಾರಿ ಬಿಟ್ಟ. ಟ್ರ್ಯಾಕ್ಸ್‌ನಿಂದ ಒಬ್ಬೊಬ್ಬರೇ ಇಳಿದರು. ಮೊದಲು ಒಬ್ಬ ಹೆಣ್ಣುಮಗಳು, ಕನ್ನಡಕ, ಕೈಯಲ್ಲಿ ನೀರಿನ ಬಾಟಲಿ. ಹಿಂದೆ ರಟ್ಟಿನ ಹಲಗೆ ಹಿಡಿದ ಒಬ್ಬ. ಅವನ ಹಿಂದೆ ಕ್ಯಾಮೆರಾ ಹೊತ್ತ ಒಬ್ಬ. ಕೊನೆಗೆ ದೊಡ್ಡ ಮೀಸೆಯ ಪೊಲೀಸ. ಮೂವರು ಬರಬೇಕಾದಲ್ಲಿ ನಾಲ್ವರು. ಇವರಲ್ಲಿ ರಾಷ್ಟ್ರಪತಿಯವರು ಮುಖ್ಯರೆಂದು ಆರಿಸಿದ್ದು ಯಾರನ್ನು? ಬೀರಸಿದ್ದಪ್ಪ ನಾಲ್ಕೂ ಮುಖ ನೋಡಿದ. ಅಷ್ಟು ದೊಡ್ಡ ಹುದ್ದೆ ಅಂಥ ದೊಡ್ಡ ಮೀಸೆಗಲ್ಲದೆ ಇನ್ಯಾರಿಗೆ ಸಿಕ್ಕೀತು ಎಂದು, ಯಾರಾದರೂ ಬೇಡವೆನ್ನುವುದರೊಳಗೆ, ಪೊಲೀಸಪ್ಪನ ಟೋಪಿಯ ಮೇಲೆಯೇ ರುಮಾಲು ಸುತ್ತಿ, ಕಾಲಿಗೆ ಬಿದ್ದುಬಿಟ್ಟ.

"ಹಿರ್ಯಾರ, ಒಂದ ನ್ಯಾಯಾ ಐತ್ರಿ!"

ಪೊಲೀಸಪ್ಪನಿಗೆ ಇಪ್ಪತ್ತು ವರ್ಷದ ಸೇವೆಯಲ್ಲಿ ಯಾರೂ ರುಮಾಲು ಸುತ್ತಿರಲಿಲ್ಲ. ಅವನು ಗೊಂದಲದಲ್ಲಿ ಸೆಲ್ಯೂಟ್ ಹೊಡೆದ. ಕ್ಯಾಮೆರಾ ಹೊತ್ತವನು, ಉಮೇಶ ಎಂದು ಹೆಸರು, ಎಲ್ಲವನ್ನೂ ತೆಗೆದುಕೊಳ್ಳುತ್ತಲೇ ಇದ್ದ. ಅವನಿಗೆ ಅದೇ ಕೆಲಸ.

"ರೀ, ಏಳ್ರಿ ಮ್ಯಾಲ. ಅವರು ಬಂದೋಬಸ್ತಕ್ಕ ಬಂದವರು," ಅಂದಳು ಕನ್ನಡಕದ ಹೆಣ್ಣುಮಗಳು. "ನಾ ಅನ್ನಪೂರ್ಣಾ. ಮೂಡಲಗಿಯಾಗ ಹೈಸ್ಕೂಲ್ ಟೀಚರ್. ಇವರು ಶಿವಕುಮಾರ, ಹುಕ್ಕೇರಿ ಕಡೆಯವರು. ನಾವು ಆಯಿ ಓಟ ತಗೊಳ್ಳಾಕ ಬಂದೇವಿ."

"ಮತ್ತ ಆ ಮೂರ ಮಂದಿ?"

"ಯಾವ ಮೂರ ಮಂದಿ?"

"ದಿಲ್ಲ್ಯಾನವರು."

ಅನ್ನಪೂರ್ಣಾ ಸುವರ್ಣಾಳನ್ನು ನೋಡಿದಳು. ಸುವರ್ಣಾ ಹುಣಸೆ ಮರವನ್ನು ನೋಡಿದಳು. ಮಾಳಿಗೆಯ ಮೇಲಿಂದ ಯಾರೋ ಕಿಸಕ್ಕನೆ ನಕ್ಕರು. ಬೀರಸಿದ್ದಪ್ಪನ ಹೆಗಲ ಮೇಲೆ ಉಳಿದಿದ್ದ ಎರಡು ರುಮಾಲುಗಳು ಹಾಗೇ ಜೋತುಬಿದ್ದವು. ಊರ ಮುಂದೆ ಮಾನ ಹೋದದ್ದಕ್ಕಿಂತ, ನ್ಯಾಯ ಹೇಳುವವರು ಬರಲಿಲ್ಲವಲ್ಲ ಎಂಬುದೇ ಅವನಿಗೆ ದೊಡ್ಡ ಏಟಾಯಿತು. ಇನ್ನು ಭಂಡಾರ ಹಿಡಿದು ಏನು ಹೇಳುವುದು?

ಆದರೂ ಮನೆಗೆ ಬಂದವರು ಬಂದವರೇ. ಒಳಗೆ ಕರೆದು ಕಂಬಳಿ ತೋರಿಸಿದ. ಅವರು ಕೂರಲಿಲ್ಲ, ತಂದಿದ್ದ ಮಡಚುವ ಕುರ್ಚಿ ಹಾಕಿಕೊಂಡರು. ಸಾವಿತ್ರವ್ವ ಮಾದಲಿಯ ತಟ್ಟೆ ತಂದಳು. ಅವರು ಮುಟ್ಟಲಿಲ್ಲ.

"ಚಾ ಸೈತ ಒಲ್ಲೆವ್ರಿ. ನೀರು ನಮ್ಮವ ಅದಾವ."

"ಶತ್ರು ಮನಿಯಾಗೂ ನೀರ ಕುಡಿತಾರಲ್ರಿ ಟೀಚರ್ರ!"

"ಚುನಾವಣಿ ಮುಗೀಲಿ, ಬಂದ ಊಟಾನ ಮಾಡಿ ಹೋಗತೇನಿ. ಈ ಹೊತ್ತ ನಾ ನಿಮ್ಮ ಮನಿಗೆ ಬಂದಾಕಿ ಅಲ್ಲ, ಆಯಿ ಓಟಿಗೆ ಬಂದಾಕಿ."

ಬೀರಸಿದ್ದಪ್ಪನಿಗೆ ಈ ಮಾತು ಎಲ್ಲಿಯೋ ಹೋಗಿ ತಟ್ಟಿತು. ಇಂಥ ಬಿಗಿ ಅವನು ಕಂಡದ್ದು ದೇವರ ಕೆಲಸಕ್ಕೆ ನಿಂತ ಪೂಜಾರಿಯಲ್ಲಿ ಮಾತ್ರ. "ನೀವು ಸರಕಾರದವರಲ್ಲೇನ್ರಿ?" ಎಂದು ಮೆಲ್ಲಗೆ ಕೇಳಿದ.

"ಪಗಾರ ಸರಕಾರದ್ದು. ಆದ್ರ ಚುನಾವಣಿ ಅಂತ ಸಾರಿದ್ರಂದ್ರ, ಮುಗಿಯೂ ತನಕಾ ನಾವೆಲ್ಲಾ ಆ ಮೂರ ಮಂದಿ ಮಾತ ಕೇಳಬೇಕ. ನಾ ಅಷ್ಟ ಅಲ್ಲ, ತಹಶೀಲ್ದಾರ್ರು, ಡಿಸಿ ಸಾಹೇಬರು, ಪೊಲೀಸರು, ಹೊರಗ ನಿಂತ ಆ ಟ್ರ್ಯಾಕ್ಸ್ ಸುದ್ದಾ."

"ಅವರಿಗೆ ತಮ್ಮವರ ಅಂತ ಆಳ ಇಲ್ಲೇನ್ರಿ?"

"ಭಾಳ ಕಡಿಮಿ. ಎಲ್ಲಾ ಎರವಲು. ಮುಗಿದ ಮ್ಯಾಲ ನಮ್ಮನ್ನ ತಿರುಗಿ ಸಾಲಿಗೆ ಕಳಸತಾರ."

ಬೀರಸಿದ್ದಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ. ಊರಿನವರ ಕುರಿಗಳನ್ನೆಲ್ಲ ಒಂದು ಹಿಂಡು ಮಾಡಿ ಸುಗ್ಗಿ ಮುಗಿದ ಮೇಲೆ ಒಬ್ಬ ಕುರಿಗಾರ ಮೇಯಿಸಲು ಹೊಡೆದುಕೊಂಡು ಹೋಗಿ, ತಿರುಗಿ ಬಂದು ಅವರವರ ಕುರಿ ಅವರವರಿಗೆ ಒಪ್ಪಿಸುವುದನ್ನು ಅವನು ಬಲ್ಲ. ತನ್ನದೊಂದು ಮರಿಯೂ ಇಲ್ಲದ ಮೂವರು, ದೇಶದ ಹಿಂಡನ್ನೆಲ್ಲ ಹೀಗೆ ಹೊಡೆದುಕೊಂಡು ಹೋಗುತ್ತಾರೆಂದರೆ!

"ಅವರನ್ನ ಆರಸಾವರು ಯಾರ್ರಿ?"

"ಪ್ರಧಾನಿ, ವಿರೋಧ ಪಕ್ಷದ ನಾಯಕರು, ಮತ್ತ ಒಬ್ಬರು ಮಂತ್ರಿ. ಮೂರೂ ಮಂದಿ ಕೂಡಿ ಕುಂತ ಹೆಸರು ಹೇಳತಾರ. ರಾಷ್ಟ್ರಪತಿ ಸಹಿ ಮಾಡತಾರ."

"ದಿನಾ ಟೀವ್ಯಾಗ ಜಗಳಾಡಾವರು ಒಂದ ಕಂಬಳಿ ಮ್ಯಾಲ ಕುಂಡ್ರತಾರ?"

"ಕುಂಡ್ರಬೇಕಾಗತೈತಿ."

ಕಂಬಕ್ಕೆ ಒರಗಿದ್ದ ಅಲ್ಲಪ್ಪ ಬೆರಳು ಮಡಚಿ ನೋಡಿದ. "ಅಂದ್ರ ಒಂದ ಕಡೆ ಇಬ್ಬರು, ಒಂದ ಕಡೆ ಒಬ್ಬರು ಆತಲ್ರಿ?"

"ಲೆಕ್ಕಾ ನಿಮಗ ಬರತೈತಿ. ಕಾಯದೆ ಹಂಗ ಐತಿ. ನಾ ಅದರ ಮ್ಯಾಲ ಮಾತಾಡಂಗಿಲ್ಲ," ಅಂದಳು ಅನ್ನಪೂರ್ಣಾ. "ಆದ್ರ ಒಮ್ಮೆ ಕುಂತ ಮ್ಯಾಲ ಮುಖ್ಯ ಆಯುಕ್ತರನ್ನ ಹಂಗ ಎಬ್ಬಸಾಕ ಬರೂದಿಲ್ಲ. ಪಾರ್ಲಿಮೆಂಟನ ಎದ್ದ ನಿಂದ್ರಬೇಕ. ಸುಪ್ರೀಂ ಕೋರ್ಟ್ ಜಡ್ಜರನ್ನ ತಗ್ಯೂದಕ್ಕ ಎಷ್ಟ ಕಷ್ಟ ಐತಿ, ಇವರನ್ನ ತಗ್ಯೂದಕ್ಕೂ ಅಷ್ಟ."

ಅಲ್ಲಪ್ಪ ಬೆರಳು ಬಿಚ್ಚಿದ. ಬೀರಸಿದ್ದಪ್ಪ ಮಾತ್ರ ಸಣ್ಣ ಮಗುವಿನ ಹಾಗೆ ಕೇಳುತ್ತಿದ್ದ. ಇಷ್ಟೆಲ್ಲ ಕಟ್ಟುಪಾಡು, ಇಷ್ಟು ಎತ್ತರದ ಮಂದಿ, ಅಲ್ಲಿಂದ ಇಳಿದು ಇಳಿದು ಬಂದು ಕೊನೆಗೆ ನಿಂತಿರುವುದು ಎಲ್ಲಿ? ತನ್ನ ತಾಯಿಯ ಕದಿರಿನ ಮುಂದೆ.

ಶಿವಕುಮಾರ ಮೂಲೆಯಲ್ಲಿ ರಟ್ಟಿನ ಹಲಗೆಗಳನ್ನು ಬಿಚ್ಚಿ ಮೂರು ಕಡೆ ಮರೆ ಮಾಡಿ ನಿಲ್ಲಿಸಿದ. ಅನ್ನಪೂರ್ಣಾ ಎರಡೂ ಕಂಬಗಳತ್ತ ತಿರುಗಿದಳು. "ನೀವಿಬ್ಬರು ಯಾರು? ಅಭ್ಯರ್ಥಿಗಳ ಏಜಂಟ್ರೇನು? ಪತ್ರ ಅದಾವೇನು?"

"ನಾ ಬಾಜೂ ಮನಿಯಾಂವ್ರಿ."

"ನಾ ಬೀಗರಾಂವ್ರಿ. ಹೆದ್ದಾರಿ ಬಾಜೂ ಇರತೇನಿ."

"ಹಂಗಾರ ಹೊರಗ ನಡೀರಿ."

ಇಬ್ಬರೂ ಹೋಗುವಾಗ ಬೀರಸಿದ್ದಪ್ಪನತ್ತ ಒಂದೊಂದು ನೋಟ ಎಸೆದು ಹೋದರು. ದೇವರ ಜಗಲಿಯ ಮೇಲಿದ್ದ ಭಂಡಾರದ ಚೀಲದತ್ತ ಯಲ್ಲಪ್ಪ ಗದ್ದ ಎತ್ತಿ ತೋರಿಸಿದ್ದೂ ಆಯಿತು. ಬೀರಸಿದ್ದಪ್ಪ ಅದನ್ನು ಕಂಡ. ಆದರೂ ಮುಂದೆ ಬಂದು ರೂಢಿಯ ಮಾತು ಹೇಳಿದ.

"ನಮ್ಮವ್ವಗ ಕಾಣಂಗಿಲ್ರಿ. ಆಕಿ ಓಟು ನಾನ ಹಾಕತೇನಿ."

"ನಿಮ್ಮನ್ನ ಕೇಳಿಲ್ಲ," ಅಂದಳು ಅನ್ನಪೂರ್ಣಾ. ಅವಳು ಕುರ್ಚಿಯಿಂದ ಎದ್ದು ಬಾಳವ್ವನ ಎದುರು ಕುಕ್ಕರಗಾಲಿನಲ್ಲಿ ಕೂತಳು. "ಆಯೀ, ನಿಮ್ಮ ಓಟ ನೀವ ಹಾಕತೀರೋ, ಮಗನ ಕೂಡ ಹಾಕಸತೀರೋ? ನೀವ ಹೇಳಬೇಕ."

ಕದಿರು ನಿಂತಿತು. ಬಾಳವ್ವ ತಲೆಯೆತ್ತಿ, ಕ್ಯಾಮೆರಾ ಹಿಡಿದ ಉಮೇಶನನ್ನು ಮೇಲಿಂದ ಕೆಳಗೆ ನೋಡಿದಳು.

"ಏನಪಾ ತಮ್ಮಾ, ನಿನ್ನ ಅಂಗಿ ಎರಡನೇ ಗುಂಡಿ ಕರಿ ದಾರದಾಗ ಹಚ್ಯಾರು. ಉಳದಾವೆಲ್ಲ ಬಿಳಿ ದಾರ ಅದಾವು."

ಉಮೇಶ ಬಗ್ಗಿ ನೋಡಿಕೊಂಡ. ಹೌದು. ಪೊಲೀಸಪ್ಪನೂ ಬಗ್ಗಿ ನೋಡಿದ. ಅವನ ತಲೆಯ ಮೇಲೆ ರುಮಾಲು ಇನ್ನೂ ಹಾಗೇ ಇತ್ತು. ತೆಗೆಯಲು ಯಾಕೋ ಅವನಿಗೆ ಮನಸ್ಸು ಬಂದಿರಲಿಲ್ಲ.

"ಯವ್ವಾ! ನಿನಗ ಇಷ್ಟ ಸ್ವಚ್ಛ ಕಾಣತೈತಿ?" ಅಂದ ಬೀರಸಿದ್ದಪ್ಪ.

"ಹ್ವಾದ ವರ್ಷ ನೀನ ಅಲ್ಲೇನ ಗೋಕಾಕಕ್ಕ ಕರಕೊಂಡ ಹೋಗಿ ಪೊರಿ ತಗಸಿದಾಂವ? ಕಾಣದ ನೂಲ ಹ್ಯಾಂಗ ನೂಲಲಿ?"

ಅದು ಖರೆಯೇ. ಅವನೇ ಕರೆದುಕೊಂಡು ಹೋಗಿದ್ದ, ಅವನೇ ಹೊತ್ತುಹೊತ್ತಿಗೆ ಕಣ್ಣಿಗೆ ಔಷಧಿ ಬಿಟ್ಟಿದ್ದ. ತಾಯಿಗೆ ನೂಲು ಕಂಡಿತು, ಮೊಮ್ಮಕ್ಕಳು ಕಂಡರು ಎಂದು ಹಿಗ್ಗಿದ್ದ. ಕಣ್ಣಿನ ಜೊತೆಗೆ ಓಟೂ ಆಕೆಗೆ ತಿರುಗಿ ಬಂದಿತೆಂಬುದು ಮಾತ್ರ ಅವನ ಲೆಕ್ಕಕ್ಕೆ ಬಂದಿರಲಿಲ್ಲ.

"ಮತ್ತ ಇಷ್ಟ ದಿನಾ ಯಾಕ ಹೇಳಲಿಲ್ಲ ಬೇ?"

"ಯಾರ ಕೇಳ್ಯಾರ ನನ್ನ?" ಬಾಳವ್ವನ ದನಿಯಲ್ಲಿ ಸಿಟ್ಟಿರಲಿಲ್ಲ. "ಮೊದಲ ನಿಮ್ಮಪ್ಪ ಹೇಳಿದಲ್ಲಿ ಒತ್ತಿದೆ. ಆಮ್ಯಾಲ ನೀ ಒತ್ತಿದಿ. ಈ ಹೊತ್ತ ಈ ಮಗಳು ಕೇಳ್ಯಾಳ. ನನ್ನ ಓಟು ನಾ ಹಾಕತೇನವ್ವಾ."

ಅನ್ನಪೂರ್ಣಾ ಕನ್ನಡಕ ತೆಗೆದು ಒರೆಸಿಕೊಂಡಳು. ಬಾಗಿಲ ಮರೆಯಲ್ಲಿ ಸಾವಿತ್ರವ್ವ ಅತ್ತೆಯನ್ನು ನೋಡುತ್ತ ನಿಂತಿದ್ದಳು.

ಬಾಳವ್ವ ಗೋಡೆ ಹಿಡಿದು ಎದ್ದು, ದಿಲ್ಲಿಯವರಿಗೆಂದು ಹಾಸಿದ್ದ ಕಂಬಳಿಗಳಲ್ಲಿ ಒಂದನ್ನು ಕಾಲಿನಿಂದಲೇ ರಟ್ಟಿನ ಮರೆಯ ಹಿಂದಕ್ಕೆ ತಳ್ಳಿ, ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು. ಶಿವಕುಮಾರ ಮತಪತ್ರ ಕೊಟ್ಟು, ಎಲ್ಲಿ ಗುರುತು ಹಾಕಬೇಕು, ಹೇಗೆ ಮಡಚಿ ಲಕೋಟೆಗೆ ಹಾಕಬೇಕೆಂದು ತಿಳಿಸಿದ. ಅವಳು ಪೆನ್ನನ್ನು ಕದಿರಿನ ಹಾಗೆ ಹಿಡಿದು, ಮರೆಯ ಮೇಲಿಂದ ಇಣುಕಿದಳು.

"ಬೀರ್ಯಾ, ನೀನೂ ಹೊರಗ ಹೋಗಪಾ."

"ನಾನು? ನನ್ನ ಮನ್ಯಾಗಿಂದ?"

"ಹೋಗ್ರಿ," ಅಂದಳು ಅನ್ನಪೂರ್ಣಾ. "ಆಯಿ ಗುರತು ಮಾಡೂದನ್ನ ಯಾರೂ ನೋಡಾಕ ಬರೂದಿಲ್ಲ. ನಾನೂ ನೋಡಂಗಿಲ್ಲ, ಕ್ಯಾಮೆರಾನೂ ನೋಡಂಗಿಲ್ಲ." ಉಮೇಶ ಆಗಲೇ ಕ್ಯಾಮೆರಾವನ್ನು ಸುಣ್ಣ ಬಳಿದ ಗೋಡೆಯತ್ತ ತಿರುಗಿಸಿದ್ದ.

ಪೊಲೀಸಪ್ಪ ಬೀರಸಿದ್ದಪ್ಪನ ಹೆಗಲ ಮೇಲೆ ಕೈಯಿಟ್ಟು ಮರ್ಯಾದೆಯಿಂದಲೇ ಹೊರಗೆ ಕರೆದುಕೊಂಡು ಬಂದ, ಸಾವಿತ್ರವ್ವನೂ ಹಿಂದೆಯೇ ಬಂದಳು; ಅವನು ಬಾಗಿಲಿಗೆ ಅಡ್ಡ ನಿಂತ. ಊರು ನೋಡಿತು. ದೇಶದ ಆಯೋಗವನ್ನು ಮನೆಗೆ ಕರೆಸಿದವನು ಆಯೋಗ ಬಂದ ಮೇಲೆ ಬೀದಿಗೆ ಬಿದ್ದಿದ್ದ. "ಏನಾತೋ?" "ಯಾಕ ಹೊರಗ ಹಾಕಿದ್ರು?" ಎಂದು ಮಾಳಿಗೆಯಿಂದ ಮಾಳಿಗೆಗೆ ಪ್ರಶ್ನೆಗಳು ಹಾರಾಡಿದವು.

ಬೀರಸಿದ್ದಪ್ಪ ಕಟ್ಟೆಯ ಮೇಲೆ ಕುಸಿದು ಕೂತ. ಒಳಗೆ ಅವನ ತಾಯಿ ಒಬ್ಬಳೇ. ಅವಳ ಗುಟ್ಟು ಕಾಯಲು ಪೊಲೀಸಿದ್ದಾನೆ, ಟೀಚರ್ ಇದ್ದಾಳೆ, ತಹಶೀಲ್ದಾರರಿದ್ದಾರೆ, ಡಿಸಿ ಇದ್ದಾರೆ, ಅವರೆಲ್ಲರ ಮೇಲೆ ಆ ಮೂವರಿದ್ದಾರೆ. ಇಷ್ಟು ಮಂದಿ ಸೇರಿ ಕಾಯುತ್ತಿರುವುದು ಯಾರಿಂದ? ತನ್ನಿಂದ. ಅವನಿಗೆ ನಾಚಿಕೆಯಾಯಿತು. ನಾಚಿಕೆಗಿಂತ ಹೆಚ್ಚಾಗಿ, ಯಾಕೋ, ತಾಯಿಯನ್ನು ಕಂಡು ಹೆಮ್ಮೆಯಾಯಿತು. ಕೈ ತಾನಾಗಿಯೇ ಮುಗಿದುಕೊಂಡಿತು. ದಿಲ್ಲಿ ಯಾವ ಕಡೆ ಇದೆಯೋ ತಿಳಿಯದೆ ಸುಮ್ಮನೆ ಬಾಗಿಲಿಗೇ ಮುಗಿದ.

ಸ್ವಲ್ಪ ಹೊತ್ತಿಗೆ ಬಾಗಿಲು ತೆರವಾಯಿತು. ಅಂಟಿಸಿದ ಲಕೋಟೆ ಪೆಟ್ಟಿಗೆಯೊಳಗೆ ಬಿದ್ದಿತ್ತು. ಅಲ್ಲಪ್ಪ ಮತ್ತು ಯಲ್ಲಪ್ಪ ಇಬ್ಬರೂ ಒಟ್ಟಿಗೆ ಒಳಗೆ ನುಗ್ಗಿ, ಜಗಲಿಯ ಮೇಲಿಂದ ಭಂಡಾರದ ಚೀಲ ತಂದು ಬೀರಸಿದ್ದಪ್ಪನ ಮುಂದೆ ಹಿ‌ಡಿದರು.

"ಹಿಡಿ. ಹೇಳು, ಬೋಣಿ ಯಾರಿಗಾತು?" ಅಂದ ಅಲ್ಲಪ್ಪ.

"ನಿಂಗ್ಯಾಕ ಹೇಳಬೇಕ? ಮಾವ ಮಾತ ಕೊಟ್ಟದ್ದು ನನಗ!" ಅಂದ ಯಲ್ಲಪ್ಪ.

"ನಿನಗ? ನನಗ ಕೊಟ್ಟಾನ!"

ಇಬ್ಬರೂ ಒಮ್ಮೆಗೇ ಬೀರಸಿದ್ದಪ್ಪನತ್ತ ತಿರುಗಿದರು. ಸಾವಿತ್ರವ್ವನೂ ತಿರುಗಿದಳು. ಅವನು ಚೀಲದೊಳಗೆ ಕೈ ಹಾಕಿ ಮುಷ್ಟಿ ತುಂಬ ಭಂಡಾರ ತೆಗೆದ. ಬಾಯಿ ತೆರೆದಾಗ ತಾನೇನು ಹೇಳುತ್ತೇನೆಂದು ಅವನಿಗೇ ಗೊತ್ತಿರಲಿಲ್ಲ. ಬಂದದ್ದು ಖರೆ ಮಾತು.

"ಬೀರದೇವರ ಆಣಿ. ಮಾತ ಇಬ್ಬರಿಗೂ ಕೊಟ್ಟಿದ್ನಿ, ಅದು ನಂದ ತಪ್ಪು. ಓಟ ಯಾರಿಗೆ ಬಿತ್ತು ಅಂಬೂದು ನನಗ ಗೊತ್ತಿಲ್ಲ. ನನ್ನ ಹೊರಗ ಹಾಕಿದ್ರು. ನೀವ ನೋಡಿರಿ. ಊರ ನೋಡೈತಿ."

ಭಂಡಾರ ಹಿಡಿದು ಹೇಳಿದ್ದನ್ನು ಸುಳ್ಳೆನ್ನುವಂತಿರಲಿಲ್ಲ. ಅಲ್ಲಪ್ಪನು ರೂಢಿಯಂತೆ ಬಿಸಿಲಿಗೆ ಸರಿದು ಸೂರ್ಯನನ್ನು ನೋಡಿ ಬಂದ. "ಅಂದ್ರ ನಮಗೂ ಬಿದ್ದಿರಬಹುದು," ಅಂದ.

"ನಮಗೂ ಬಿದ್ದಿರಬಹುದಲ್ಲ," ಅಂದ ಯಲ್ಲಪ್ಪ.

ಹಾಗೆ ಎರಡೂ ಕಡೆ ಬೋಣಿಯಾಯಿತು. ಕುರಿಗೆ ನೀರು ಉಳಿಯಿತು, ಸಾವಿತ್ರವ್ವನಿಗೆ ತವರು ಉಳಿಯಿತು. ನ್ಯಾಯ ಹೇಳಲು ಮನೆಗೆ ಬಾರದ ಹಿರಿಯರು ದಿಲ್ಲಿಯಲ್ಲಿ ಕೂತೇ ಬೀರಸಿದ್ದಪ್ಪನ ಕುತ್ತಿಗೆಯಿಂದ ಹಗ್ಗ ಬಿಚ್ಚಿದ್ದರು. ಇಂಥದೊಂದು ದಿನ ಮಮದಾಪುರದಲ್ಲಿ ಬರುತ್ತದೆಂದು ಅವರಿಗೆ ಮೊದಲೇ ಗೊತ್ತಿತ್ತು, ಅದಕ್ಕೇ ಆ ಕಟ್ಟುಪಾಡು ಮಾಡಿಟ್ಟಿದ್ದರು ಎಂದು ಅವನು ಇಂದಿಗೂ ನಂಬಿದ್ದಾನೆ. ಮೆಚ್ಚುಗೆ ತಡೆಯಲಾರದೆ ಮುಷ್ಟಿಯ ಭಂಡಾರವನ್ನು ಹೊರಟು ನಿಂತಿದ್ದ ಟ್ರ್ಯಾಕ್ಸ್‌ನ ಮೇಲೆ ತೂರಿದ. ಆಯೋಗ ಅರಿಶಿನ ಮೆತ್ತಿಕೊಂಡು ಮುಂದಿನ ಊರಿಗೆ ಹೋಯಿತು. ಪೊಲೀಸಪ್ಪ ರುಮಾಲನ್ನು ಮಡಚಿ, ಕಣ್ಣಲ್ಲೇ ಒಮ್ಮೆ ಸವರಿ, ಕಟ್ಟೆಯ ಮೇಲಿಟ್ಟು ಹೋಗಿದ್ದ.

ಮಂದಿಯೆಲ್ಲ ಚದುರಿದ ಮೇಲೆ ಬೀರಸಿದ್ದಪ್ಪ ಒಳಗೆ ಬಂದ. ಬಾಳವ್ವ ಅದೇ ಕಂಬಳಿಯ ಮೇಲೆ ಕೂತು, ಯಾರೂ ತಿನ್ನದೆ ಬಿಟ್ಟ ಮಾದಲಿಯನ್ನು ಹಾಲು ಹಾಕಿಕೊಂಡು ತಿನ್ನುತ್ತಿದ್ದಳು. ಅವನು ಮೆಲ್ಲಗೆ ಎದುರಿಗೆ ಕೂತ. ಆ ಕಡೆ ಈ ಕಡೆ ನೋಡಿದ. ಮನುಷ್ಯನ ಜೀವ, ತಡೆಯಲಿಲ್ಲ.

"ಯವ್ವಾ, ಯಾರೂ ಇಲ್ಲ. ನನಗಷ್ಟ ಹೇಳು. ಯಾರಿಗೆ ಹಾಕಿದಿ?"

ಬಾಳವ್ವ ಬಟ್ಟಲನ್ನು ಬೆರಳಿನಿಂದ ಸವರಿ ಮುಗಿಸಿದಳು. ಮಗನ ಮುಖವನ್ನು ಹೊಸ ಕಣ್ಣಿನಿಂದ ಸ್ವಲ್ಪ ಹೊತ್ತು ನೋಡಿದಳು.

"ದಿಲ್ಲ್ಯಾಗ ನಿನ್ನ ಮೂರ ಮಂದಿ ಹಿರ್ಯಾರು ಅದಾರಲ್ಲ, ಅವರನ್ನ ಹೋಗಿ ಕೇಳಪಾ," ಅಂದಳು. "ಅವರಿಗೂ ಗೊತ್ತಿಲ್ಲ."